ಕಾಯಿನ್ ತೂತು

ಟ್ಯಾಂಕಿನ ಬಾಯಿ ಒಬ್ಬರು ಇಳಿಯುವಷ್ಟೇ ಅಗಲ. ತಿಂದುಂಡು ಬೆಳೆದ ಮೈ ಅದರಲ್ಲಿ ಹಿಡಿಯುವುದಿಲ್ಲ. ಕೆಂಚಮ್ಮ ಹಿಡಿಯುತ್ತಾಳೆ. ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿ, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು, ಆಮೇಲೆ ಸೊಂಟ, ಕೊನೆಗೆ ತಲೆ. ಒಳಗೆ ಸ್ಟೀಲಿನ ಗೋಡೆ. ಪಾದದಡಿ ಲೋಳೆ. ಮೂಗಿಗೆ ಬ್ಲೀಚಿಂಗ್ ಪೌಡರಿನ ಘಾಟು. ನೀರಿನ ಕಂಪನಿಯವರು ಬ್ರಷ್ಷು ಕೊಟ್ಟಿದ್ದಾರೆ, ಕೈಗೆ ಗ್ಲೌಸು ಕೊಟ್ಟಿಲ್ಲ. ಉಜ್ಜಿ ಉಜ್ಜಿ ಬೆರಳ ಸಂದಿಯ ಚರ್ಮ ಬೆಳ್ಳಗೆ ಬೆಂದು ಸುಲಿಯುತ್ತದೆ. ರಾತ್ರಿ ಅದೇ ಕೈಯಲ್ಲಿ ಸಾರಿಗೆ ಖಾರ ಕಲಸಿದರೆ ಪ್ರಾಣ ಹೋಗುತ್ತದೆ.

ಕರೇಕಟ್ಟೆಯ ಊರಿಡೀ ಕುಡಿಯುವ ನೀರು ಫಿಲ್ಟರ್ ಮನೆಯ ಈ ಟ್ಯಾಂಕಿನದು. ತಿಂಗಳಿಗೊಮ್ಮೆ ಕೆಂಚಮ್ಮನ ಬರಿಗಾಲು ತುಳಿದಾಡಿದ ತಳದ ಮೇಲೆ ನೀರು ತುಂಬುತ್ತದೆ. ಅದನ್ನೇ ತೆಂಗಿನ ತೋಟದ ಮನೆಯವರು ಕುಡಿಯುತ್ತಾರೆ. ಅದನ್ನೇ ಪೂಜಾರಿ ತೀರ್ಥಕ್ಕೆ ಒಯ್ಯುತ್ತಾನೆ. ಅದು ಯಾರಿಗೂ ಯಾವತ್ತೂ ಹೇಸಿಗೆ ಅನ್ನಿಸಿದ್ದಿಲ್ಲ.

ಅವರಿಗೆ ಹೇಸಿಗೆ ಅನ್ನಿಸಿದ್ದು ಅವಳ ಕೈಯಿಂದ ಬಂದ ಐದು ರೂಪಾಯಿ ಕಾಯಿನ್ನು.

ಕರೇಕಟ್ಟೆ ಅಜ್ಜಂಪುರದ ಕಡೆಗೆ ಬಸ್ಸು ಸಿಗುವ ಒಣ ಊರು. ಬೋರಿನ ನೀರು ಬಾಯಿಗಿಟ್ಟರೆ ಸವಳು. ಕುಡಿದವರ ಹಲ್ಲು ಕಂದು ಹಿಡಿಯುತ್ತವೆ. ಕೆಂಚಮ್ಮನ ಮಗಳು ಗಗನಾ ಕಾಲೇಜಿಗೆ ಹೋಗುವ ಹುಡುಗಿ, ಇವತ್ತಿಗೂ ಕೈ ಅಡ್ಡ ಇಟ್ಟುಕೊಂಡು ನಗುತ್ತಾಳೆ. ಹಲ್ಲಿಗೆ ನಿಂತರೆ ಪುಣ್ಯ. ಕೆಂಚಮ್ಮನ ಮಾವ ಸಿದ್ದಪ್ಪ ಎಮ್ಮೆದೊಡ್ಡಿ ಕಾವಲಿನಲ್ಲಿ ದನಗಳ ಹಿಂದೆ ಓಡಿದವನು. ಈಗ ಕತ್ತು ತಿರುಗಿಸಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕು. ಕೂತರೆ ಏಳಿಸಬೇಕು, ಎದ್ದರೆ ಕೂರಿಸಬೇಕು. ತರೀಕೆರೆಯ ಡಾಕ್ಟರು ಅವನ ಬೆನ್ನು ಒತ್ತಿ ನೋಡಿ ಹೇಳಿದ್ದರು: "ನೀರು ಮೂಳೆಗೆ ಕೂತುಬಿಟ್ಟಿದೆ ಕಣಮ್ಮ. ಇದಕ್ಕೆ ಔಷಧಿ ಇಲ್ಲ. ಇನ್ಮೇಲಾದ್ರೂ ಫಿಲ್ಟರ್ ನೀರು ಬಿಟ್ಟು ಬೇರೆ ಮುಟ್ಟಿಸ್ಬೇಡ. ಮುಟ್ಟಿಸಿದ್ರೆ ಈಗಿರೋ ಅಷ್ಟೂ ಉಳಿಯಲ್ಲ."

ಗಂಡ ಸತ್ತ ಮೇಲೆ ಕೆಂಚಮ್ಮನಿಗೆ ತಂದೆ ಅಂತ ಉಳಿದವನು ಆ ಮುದುಕನೇ. ಅದಕ್ಕೇ ಅವಳಿಗೆ ದಿನಾ ಒಂದು ಕ್ಯಾನು ಫಿಲ್ಟರ್ ನೀರು ಬೇಕು. ಬೇರೇನೂ ಬೇಡ.

ಫಿಲ್ಟರ್ ಮನೆ ಬಂದ ಹೊಸತರಲ್ಲಿ ಅದು ಸುಲಭವಿತ್ತು. ಗೋಡೆಯಲ್ಲಿ ಒಂದು ತೂತು. ಐದು ರೂಪಾಯಿ ಕಾಯಿನ್ ಹಾಕಿದರೆ ಒಳಗೆ ಟಣ್ ಅನ್ನುತ್ತಿತ್ತು, ನಲ್ಲಿ ಬಿಟ್ಟುಕೊಳ್ಳುತ್ತಿತ್ತು, ಕ್ಯಾನು ತುಂಬಿದ ಮೇಲೆ ತಾನೇ ನಿಲ್ಲುತ್ತಿತ್ತು. ಕಾಯಿನ್ ಯಾರದು, ಊರಾಚೆಯ ಎ.ಕೆ. ಕಾಲೋನಿಯದಾ ಊರೊಳಗಿನದಾ ಅಂತ ಯಂತ್ರ ಕೇಳುತ್ತಿರಲಿಲ್ಲ. ಕರೇಕಟ್ಟೆಯಲ್ಲಿ ಅದನ್ನು ಕೇಳದೆ ಇದ್ದದ್ದು ಅದೊಂದೇ. ಅಂಗಡಿಗೆ ಹೋದರೆ ದುಡ್ಡು ಹಲಗೆ ಮೇಲಿಡಬೇಕು. ಚಿಲ್ಲರೆ ಮೇಲಿಂದ ಬೀಳುತ್ತದೆ, ಉರುಳಿ ಹೋದರೆ ಬಗ್ಗಿ ಹುಡುಕಬೇಕು. ಹೋಟೆಲಿನಲ್ಲಿ ಕಾಲೋನಿಯವರಿಗೆ ಪೇಪರ್ ಲೋಟ, ಉಳಿದವರಿಗೆ ಗಾಜಿನ ಲೋಟ. ಫಿಲ್ಟರ್ ಮನೆಯ ತೂತಿನ ಮುಂದೆ ಮಾತ್ರ ಕೆಂಚಮ್ಮ ನೆಟ್ಟಗೆ ನಿಂತು ದುಡ್ಡು ಹಾಕಿ, ನೆಟ್ಟಗೆ ನಿಂತೇ ನೀರು ಹಿಡಿಯುತ್ತಿದ್ದಳು.

ಅವಳು ಹಿಡಿದು ಸರಿದ ಮೇಲೆ ಜಯಲಕ್ಷ್ಮಮ್ಮ ಬರುತ್ತಿದ್ದರು. ತೋಟದ ಮನೆಯ ಯಜಮಾನಿ. ಮನೆಯಿಂದಲೇ ಒಂದು ಚೊಂಬು ನೀರು ತಂದಿರುತ್ತಿದ್ದರು. ಕಾಲೋನಿಯವರು ಮುಟ್ಟಿದ ನಲ್ಲಿಯ ಮೇಲೆ ಅದನ್ನು ಸುರಿದು ತೊಳೆದು, ಆಮೇಲೆ ತಮ್ಮ ಕ್ಯಾನು ಇಡುತ್ತಿದ್ದರು. ಮುಖದಲ್ಲಿ ಸಿಟ್ಟಿಲ್ಲ, ಏನಿಲ್ಲ. ಒಲೆ ಸಾರಿಸುವಷ್ಟೇ ಸಹಜವಾಗಿ ತೊಳೆಯುತ್ತಿದ್ದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ಚೊಂಬಿಗೆ ಏನಂತ ಬೈಯುವುದು?

ಆ ಜಯಲಕ್ಷ್ಮಮ್ಮನ ಮಗನೇ ಸತೀಶ. ಫಿಲ್ಟರ್ ಮನೆಯ ಆಪರೇಟರು. ಅವನು ಚಡ್ಡಿ ಹಾಕಿಕೊಂಡು ಸಿಂಬಳ ಸುರಿಸುತ್ತಿದ್ದಾಗ ಕೆಂಚಮ್ಮ ಮದುವೆಯಾಗಿ ಈ ಊರಿಗೆ ಬಂದವಳು. ಈಗ ಅವನು ಅವಳನ್ನು ಕೆಂಚಿ ಅನ್ನುತ್ತಾನೆ. ಅವಳು ಅವನನ್ನು ಅಣ್ಣಾರೆ ಅನ್ನಬೇಕು.

ಒಂದು ದಿನ ಕಂಪನಿಯ ಗಾಡಿ ಬಂತು. ತೂತಿನ ಮೇಲೆ ತಗಡು ಇಟ್ಟು ವೆಲ್ಡಿಂಗ್ ಮಾಡಿದರು. ಪಕ್ಕದಲ್ಲಿ ಒಂದು ಬೋರ್ಡು ಬಂತು. ಇನ್ನು ಮೇಲೆ ನೀರು ಬೇಕಾದವರು ಫೋನಿನಲ್ಲಿ ಕಂಪನಿಯ ಆ್ಯಪ್ ಹಾಕಿಕೊಂಡು, ಅದರಲ್ಲಿ ದುಡ್ಡು ತುಂಬಿಸಿ, ಅದನ್ನೇ ಒತ್ತಿ ನೀರು ಹಿಡಿಯಬೇಕು.

"ಯಾಕಣ್ಣಾರೆ, ಕಾಯಿನ್ನಿಗೇನಾಗಿತ್ತು?" ಕೆಂಚಮ್ಮ ಕೇಳಿದಳು.

"ಕಾಯಿನ್ ಯಾರ್ಯಾರತ್ರ ಎಲ್ಲೆಲ್ಲಿ ಇರ್ತದೋ. ನೀವೆಲ್ಲ ಎರಡು ಕೈಲಿ ಎರಡು ಕ್ಯಾನ್ ಹಿಡ್ಕೊಂಡು, ಕಾಯಿನ್ ಬಾಯಾಗಿಟ್ಕೊಂಡು ಬರ್ತೀರ. ನಾನೇ ನೋಡಿಲ್ವಾ? ಎಂಜಲು ಕಾಯಿನ್ನು. ಡಬ್ಬಿ ಬಿಚ್ಚಿ ತೆಗಿಯೋನು ನಾನು ಕಣೇ. ವಾಕರಿಕೆ ಬರ್ತದೆ."

"ತೊಳ್ದು ಹಾಕ್ತೀವಿ."

"ಈಗ ಏನೂ ಹಾಕೋ ಹಂಗಿಲ್ಲ. ಫೋನಿಂದ ಫೋನಿಗೆ. ಯಾರೂ ಯಾರ್ದೂ ಮುಟ್ಟಂಗಿಲ್ಲ. ಎಷ್ಟು ಕ್ಲೀನು ನೋಡು."

ಅವನು ಹೇಳುತ್ತಿರುವಾಗಲೇ ಊರೊಳಗಿನ ಹನುಮಂತಪ್ಪ ಕ್ಯಾನು ಹಿಡಿದು ಬಂದ. ಅವನ ಜೇಬಿನಲ್ಲಿದ್ದದ್ದು ಬಟನ್ ಫೋನು. ಸತೀಶ ತನ್ನ ಕುತ್ತಿಗೆಯಲ್ಲಿದ್ದ ಆಪರೇಟರ್ ಕಾರ್ಡನ್ನು ಯಂತ್ರಕ್ಕೆ ತೋರಿಸಿ ನೀರು ಬಿಟ್ಟ. ಹನುಮಂತಪ್ಪ ಹತ್ತರ ನೋಟು ಕೊಟ್ಟ. ಸತೀಶ ಕೈಯಿಂದ ಕೈಗೆ ತೆಗೆದುಕೊಂಡು ಜೇಬಿಗಿಟ್ಟ.

"ಅವರಿಗೆ ನೋಟು ನಡೀತದಾ?"

"ಅವ್ರು ಫೋನ್ ಮನೇಲಿ ಮರ್ತು ಬಂದವ್ರೆ."

ಅಲ್ಲಿಂದ ಮುಂದೆ ಊರೊಳಗಿನವರು ದಿನಾ ಫೋನು ಮರೆತೇ ಬಂದರು. ಅವರಿಗೆ ಕಾರ್ಡು ನಡೆಯುತ್ತಿತ್ತು, ನೋಟು ನಡೆಯುತ್ತಿತ್ತು, ನಾಳೆ ಕೊಡ್ತೀನಿ ಅನ್ನುವುದೂ ನಡೆಯುತ್ತಿತ್ತು. ಕಾಲೋನಿಯವರಿಗೆ ಮಾತ್ರ ರೂಲ್ಸು.

ಗಗನಾಳ ಹತ್ತಿರ ಒಂದು ಫೋನಿತ್ತು. ಈರುಳ್ಳಿ ಕೊಯ್ಯುವ ಸುಗ್ಗಿಯಲ್ಲಿ ತಾಯಿ ಮಗಳು ಇಬ್ಬರೂ ಕೂತು ಬಾಲ ಬುಡ ಕೊಯ್ದು, ಕಣ್ಣು ಊದಿಸಿಕೊಂಡು ತಂದ ಹಳೇ ಫೋನು. ಕಾಲೋನಿಗೆಲ್ಲ ಬೆರಳಲ್ಲಿ ಉಜ್ಜುವ ಫೋನು ಅದೊಂದೇ. ಗಗನಾ ಆ್ಯಪ್ ಹುಡುಕಿದಳು. ಫೋನು ಹೇಳಿತು: ಇದು ನಿಮ್ಮ ಸಾಧನಕ್ಕೆ ಹೊಂದುವುದಿಲ್ಲ.

ತಾಯಿ ಮಗಳು ಅಜ್ಜಂಪುರಕ್ಕೆ ಹೋದರು. ಬಸ್ ಸ್ಟ್ಯಾಂಡಿನ ಹತ್ತಿರ ತಾಹಾನ ಮೊಬೈಲ್ ಅಂಗಡಿ. ತಾಹಾ ಫೋನನ್ನು ಮಗುಚಿ ನೋಡಿ, ತಿರುಗಿಸಿ ನೋಡಿ ನಕ್ಕ.

"ಅಮ್ಮಾ, ಇದಕ್ಕೆ ವಯಸ್ಸಾಗಿದೆ. ಪೆನ್ಷನ್ ಕೊಡಿಸ್ಬೇಕು."

"ನಮ್ಮ ಮಾವನಿಗೇ ಇನ್ನೂ ಕೊಡ್ಸಿಲ್ಲ. ಇದಕ್ಕೆಲ್ಲಿಂದ ಕೊಡ್ಸಾಣ," ಎಂದಳು ಕೆಂಚಮ್ಮ. "ನೀರಿನ ಆ್ಯಪ್ ಹಾಕ್ಕೊಡಪ್ಪ. ಅದು ಬೇಡ ಅಂತದಂತೆ."

"ಫೋನು ಬೇಡ ಅಂತಿಲ್ಲಮ್ಮ. ಇದರೊಳಗೆ ಆ್ಯಪ್ ಕೊಡೋ ಅಂಗಡಿ ಒಂದಿದೆ. ಫೋನ್ ತಗೊಂಡಾಗ್ಲೇ ಒಳಗೆ ಕೂತ್ಕೊಂಡು ಬಂದಿರ್ತದೆ. ಆ ಅಂಗಡಿ ಬೇಡ ಅಂತಿದೆ."

"ಅಂಗಡಿ ಇಟ್ಕೊಂಡೋನು ಗಿರಾಕೀನ ಬೇಡ ಅಂತಾನಾ?"

"ಅಂತಾನೆ. ಬೇಕು ಅಂದ್ರೂ ನಿಮಗೆ ಬೇಕಾದಂಗೆ ಕಾಸು ಕೊಡೋ ಹಂಗಿಲ್ಲ. ಬ್ಯಾಂಕ್ ಕಾರ್ಡ್ ಇರ್ಬೇಕು. ಅವರ ಗಲ್ಲಾಕ್ಕೇ ಹಾಕ್ಬೇಕು. ಅದರಲ್ಲಿ ಅವರ ಪಾಲು ಮುರ್ಕೊಂಡು ಉಳಿದದ್ದು ನೀರಿನ ಕಂಪನಿಗೆ ಕೊಡ್ತಾರೆ. ಕಂಪನಿಯೋರು ಆ ಪಾಲನ್ನ ನಿಮ್ಮ ನೀರಿನ ರೇಟಿಗೆ ಸೇರಿಸ್ತಾರೆ."

ಕೆಂಚಮ್ಮ ಫೋನಿನ ಕಡೆ ಬೆರಳು ತೋರಿಸಿದಳು. "ಬೇರೆ ಅಂಗಡಿ ಇಲ್ವೇನಪ್ಪ ಇದ್ರಾಗೆ?"

"ಇದಾವೆ. ಒಳ್ಳೇವೂ ಇದಾವೆ. ಒಂದರಲ್ಲಿ ಈ ನೀರಿನ ಆ್ಯಪಿಂದು ಹಳೇದು ಇನ್ನೂ ಇದೆ, ನಿಮ್ಮ ಫೋನಿಗೂ ಕೂರ್ತದೆ. ಅಲ್ಲಿ ಕಾರ್ಡ್ ಬೇಡ, ನಿಮ್ಮ ಬ್ಯಾಂಕಿಂದ ಸೀದಾ ಹಾಕ್ಬಹುದು. ಆದ್ರೆ ಜನ ಆ ಕಡೆ ಹೋಗಲ್ಲ. ಹೋಗೋಕೆ ಹೋದ್ರೆ ಈ ದೊಡ್ಡ ಅಂಗಡಿ ಹೆದರಿಸ್ತದೆ. ನೋಡಿ."

ತಾಹಾ ಒತ್ತಿದ. ಪರದೆಯ ಮೇಲೆ ಕೆಂಪು ಗುರುತು ಬಂತು. ಗಗನಾ ಓದಿದಳು: "ಅಪಾಯ. ಅಪರಿಚಿತ ಮೂಲ. ಮುಂದುವರಿಯಬೇಡಿ."

"ನಮ್ಮ ಕಾಲೋನಿ ದಾರೀಲೂ ಹಿಂಗೇ ಒಂದು ಹಾಕ್ಬುಡ್ಲಿ," ಎಂದಳು ಕೆಂಚಮ್ಮ. "ಬಾಯಲ್ಲಿ ಹೇಳೋದು ತಪ್ತದೆ."

ತಾಹಾ ಮುಂದುವರಿದ. ಆ್ಯಪ್ ಕೂತಿತು. ಅವನು ತನ್ನ ಕೆಲಸಕ್ಕೆ ಕಾಸು ತೆಗೆದುಕೊಳ್ಳಲಿಲ್ಲ. "ನಾಲ್ಕು ಜನಕ್ಕೆ ಹೇಳಿ ಸಾಕು," ಎಂದ.

ಸಮಸ್ಯೆ ಇನ್ನೊಂದಿತ್ತು. ಆ್ಯಪಿನಲ್ಲಿ ಐದು ಹತ್ತು ತುಂಬಿಸುವ ಹಾಗಿಲ್ಲ. ಕಡಿಮೆ ಅಂದರೂ ಇನ್ನೂರು. ದಿನದ ಕೂಲಿ ದಿನಕ್ಕೇ ಕರಗುವ ಮನೆಗಳಲ್ಲಿ ಇನ್ನೂರು ರೂಪಾಯಿಯನ್ನು ನೀರಿನ ಮೇಲೆ ಮುಂಗಡ ಇಟ್ಟು ಕೂರುವವರು ಯಾರು? ಕಾಲೋನಿಯವರು ಎಲ್ಲದಕ್ಕೂ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಕಾಲೋನಿಗೆಲ್ಲ ಏಣಿ ಒಂದೇ, ಇಸ್ತ್ರಿಪೆಟ್ಟಿಗೆ ಒಂದೇ. ಹೆಣ್ಣು ನೋಡಲು ಬಂದವರನ್ನು ಕೂರಿಸುವ ಪ್ಲಾಸ್ಟಿಕ್ ಕುರ್ಚಿಗಳು ಒಂದೇ ಸೆಟ್ಟು, ಮನೆಯಿಂದ ಮನೆಗೆ ತಲೆಯ ಮೇಲೆ ಓಡಾಡುತ್ತವೆ. ನೀರಿಗೂ ಹಾಗೇ. ಯಾರ ಹತ್ತಿರ ಎಷ್ಟಿತ್ತೋ ಅಷ್ಟನ್ನು ತಂದು ಕೆಂಚಮ್ಮನ ಸೆರಗಿಗೆ ಹಾಕಿದರು. ಎಲ್ಲವೂ ಗಗನಾಳ ಬ್ಯಾಂಕಿಗೆ, ಅಲ್ಲಿಂದ ಫೋನಿನ ಆ್ಯಪಿಗೆ ಹೋಯಿತು. ಹಿಂದಿನ ಮನೆಯ ಸುಮನಾ ಬಾಣಂತಿ, ಅವಳೂ ಬಾಣಂತನಕ್ಕೆ ಇಟ್ಟುಕೊಂಡಿದ್ದ ನೋಟು ತೆಗೆದುಕೊಟ್ಟಳು.

"ಮಗೀಗೆ ಕಂದು ಹಲ್ಲು ಬ್ಯಾಡ ಕಣಕ್ಕ," ಎಂದಳು. "ಹಲ್ಲು ಬರೋ ಮೊದ್ಲೇ ಹೇಳಿದೀನಿ."

ಒಂದು ಫೋನು ಅಂದರೆ ಒಂದು ಮನೆ ಅಂತ ಆ್ಯಪು ಲೆಕ್ಕ ಹಾಕುತ್ತದೆ ಅನ್ನುವುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವರಿಗೆ ಅದು ತಿಳಿಯುತ್ತಿರಲಿಲ್ಲ.

ಕೆಲವು ದಿನ ಚೆನ್ನಾಗಿತ್ತು. ಫೋನು ಕ್ಯಾನಿನ ಜೊತೆ ಓಡಾಡಿತು. ಗಗನಾ ಕಾಲೇಜಿಂದ ಬರುವುದನ್ನೇ ಕಾದಿದ್ದು ಹೆಂಗಸರು ಅವಳ ಕೈಯಿಂದ ಇಸಿದುಕೊಳ್ಳುತ್ತಿದ್ದರು. ಸಿದ್ದಪ್ಪ ಲೋಟ ಎತ್ತಿ ಕುಡಿದು, ಮೈಯೆಲ್ಲ ತಿರುಗಿಸಿ ಸೊಸೆಯನ್ನು ನೋಡಿ, "ಸಿಹಿ ಕಣವ್ವ," ಅನ್ನುತ್ತಿದ್ದ. ದಿನಾ ಅನ್ನುತ್ತಿದ್ದ.

ಸತೀಶನಿಗೆ ಇದು ಕಣ್ಣಲ್ಲಿ ಕಸ ಬಿದ್ದಂತಾಯಿತು. ಕಾಲೋನಿಯವರು ಒಬ್ಬರಾದ ಮೇಲೊಬ್ಬರು ಬರುತ್ತಾರೆ. ಫೋನು ಒಂದೇ. ಯಾರೂ ಅವನ ಮುಂದೆ ಅಣ್ಣಾರೆ ಅಣ್ಣಾರೆ ಅಂತ ನಿಲ್ಲುವುದಿಲ್ಲ. ಒತ್ತುತ್ತಾರೆ, ಹಿಡಿಯುತ್ತಾರೆ, ಹೋಗುತ್ತಾರೆ. ಅವನು ಕಂಪನಿಗೆ ಫೋನು ಹಚ್ಚಿದ.

ಆವತ್ತು ಬೆಳಿಗ್ಗೆ ಸಾಲಿನಲ್ಲಿ ಇಡೀ ಊರಿತ್ತು. ಕೆಂಚಮ್ಮ ಫೋನು ಒತ್ತಿ ಕ್ಯಾನು ಇಟ್ಟಳು. ಕ್ಯಾನು ಅರ್ಧ ತುಂಬಿತು. ನಲ್ಲಿ ನಿಂತುಹೋಯಿತು. ಫೋನಿನ ಮೇಲೆ ಕೆಂಪು ಅಕ್ಷರ ಬಂತು. ಓದಲು ಬಾರದ ಕೆಂಚಮ್ಮ ಅದನ್ನು ಸತೀಶನ ಕಡೆ ಹಿಡಿದಳು. ಅವನು ಅವಳಿಗಲ್ಲ, ಸಾಲಿಗೆ ಕೇಳುವ ಹಾಗೆ ಓದಿದ.

"ಅನುಮಾನಾಸ್ಪದ ಬಳಕೆ. ಖಾತೆ ತಡೆಹಿಡಿಯಲಾಗಿದೆ. ಕೇಳುಸ್ತಾ ಎಲ್ರಿಗೂ? ಕಳ್ಳ ಅಂಗಡಿಯಿಂದ ತಂದಿರೋ ಆ್ಯಪು. ಒಂದೇ ಫೋನಲ್ಲಿ ಕಾಲೋನಿಗೆಲ್ಲ ನೀರು ಮಾರ್ಕೊಂತವ್ಳೆ ಇವ್ಳು."

"ಮಾರ್ತಿಲ್ಲ ಅಣ್ಣಾರೆ. ಎಲ್ರೂ ಸೇರಿ ಹಾಕ್ಕೊಂಡಿದ್ದು."

"ಎಲ್ರೂ ಸೇರಿ ಕಳ್ತನ ಮಾಡಿದ್ರೆ ಕಳ್ತನ ಅಲ್ವಾ?"

ಸಾಲಿನಲ್ಲಿ ಯಾರೋ ನಕ್ಕರು. ಸತೀಶ ಅವಳ ಕ್ಯಾನನ್ನು ಕಾಲಿನಿಂದ ಉರುಳಿಸಿದ. ಕೈಯಿಂದ ಮುಟ್ಟಲಿಲ್ಲ. ಅರ್ಧ ಕ್ಯಾನು ನೀರು ಕೆಸರಿಗೆ ಹೋಯಿತು, ಕೆಸರಿನಿಂದ ಅವಳ ಕಾಲಿಗೆ ಬಂತು. ಜಯಲಕ್ಷ್ಮಮ್ಮ ಸೀರೆ ಎತ್ತಿ ಹಿಂದೆ ಸರಿದು ನಿಂತರು.

ಗಗನಾ ಸಂಜೆ ಕಂಪನಿಯ ನಂಬರಿಗೆ ಫೋನು ಮಾಡಿ ಅವ್ವನ ಕೈಗೆ ಕೊಟ್ಟಳು. ಆ ಕಡೆ ಹುಡುಗಿಯೊಬ್ಬಳು ಬರೆದಿಟ್ಟದ್ದನ್ನು ಓದಿದಳು.

"ಮೇಡಂ, ಒಂದು ಫೋನಿಗೆ ಒಂದು ಕುಟುಂಬ ಮೇಡಂ. ಜೊತೆಗೆ ನೀವು ಅಧಿಕೃತ ಸ್ಟೋರಿನಿಂದ ಆ್ಯಪ್ ಹಾಕಿಲ್ಲ ಮೇಡಂ."

"ಅದು ನಮ್ಮನ್ನ ಸೇರಿಸ್ಲಿಲ್ಲ ಕಣವ್ವ."

"ಅದಕ್ಕೆ ನಾವೇನೂ ಮಾಡಕ್ಕಾಗಲ್ಲ ಮೇಡಂ."

"ನಾವು ಹಾಕಿದ ದುಡ್ಡು?"

"ಅದು ವಾಪಸ್ ಬರಲ್ಲ ಮೇಡಂ. ಇನ್ನೇನಾದರೂ ಸಹಾಯ ಬೇಕಿತ್ತಾ ಮೇಡಂ?"

ಕೆಂಚಮ್ಮ ಫೋನನ್ನು ಮಗಳಿಗೆ ಕೊಟ್ಟಳು. ಹುಟ್ಟಿದ ಮೇಲೆ ಅವಳನ್ನು ಯಾರೂ ಮೇಡಂ ಅಂದಿರಲಿಲ್ಲ. ಅಂದವಳು ಕಾಲೋನಿಯ ನೀರಿನ ದುಡ್ಡನ್ನೆಲ್ಲ ನುಂಗಿ ಅಂದಳು.

ಮನೆಯಲ್ಲಿ ಫಿಲ್ಟರ್ ನೀರು ಮುಗಿಯಿತು. ಸಿದ್ದಪ್ಪ ಬಾಯಾರಿಕೆ ಅಂತ ಹೇಳುವವನಲ್ಲ. ತುಟಿ ಒಣಗಿದ್ದು ಕಾಣಿಸುತ್ತಿತ್ತು. ಬೋರಿನ ನೀರು ಕೊಟ್ಟರೆ ಕುಡಿಯುತ್ತಿದ್ದ, ಕೊಡಲು ಅವಳ ಕೈ ಬರಲಿಲ್ಲ. ಹೆಗಲು ಹಿಡಿದು ಅವನನ್ನು ಏಳಿಸುವಾಗ ಮೂಳೆ ಲಟಕ್ ಅನ್ನುವುದು ಅವಳ ಅಂಗೈಗೇ ಗೊತ್ತಾಗುತ್ತಿತ್ತು. ಫಿಲ್ಟರ್ ಮನೆಯ ಹತ್ತಿರ ಹೋಗಿ ದೂರದಲ್ಲಿ ನಿಂತಳು. ಜಯಲಕ್ಷ್ಮಮ್ಮ ನೋಡಿದರು.

"ನಮ್ಮನೆ ಹಿತ್ಲಿಗೆ ಬಾ ಕೆಂಚಿ. ನಿನ್ನೆ ಹಿಡಿದಿದ್ದ ನೀರು ಕ್ಯಾನಾಗೆ ಉಳಿದೈತೆ. ಚೆಲ್ಲೋ ಬದಲು ನಿನಗೇ ಹಾಕ್ತೀನಿ."

ಕೆಂಚಮ್ಮ ಹೋದಳು. ಹೋಗಬಾರದಿತ್ತು ಅಂತ ಹೇಳುವವರು ಆ ಮುದುಕನನ್ನು ಒಂದು ದಿನ ಏಳಿಸಿ ಕೂರಿಸಿ ನೋಡಲಿ.

ಹಿತ್ತಲಲ್ಲಿ ದನದ ಗಂಜಲದ ಹೊಂಡದ ಪಕ್ಕ ನಿಲ್ಲಿಸಿದರು. ಕ್ಯಾನು ನೆಲದ ಮೇಲಿಡು ಅಂದರು. ಜಯಲಕ್ಷ್ಮಮ್ಮ ಮೆಟ್ಟಿಲ ಮೇಲೆ ನಿಂತು ಪಾತ್ರೆ ಎತ್ತಿ ಮೇಲಿಂದ ಹುಯ್ದರು. ಅರ್ಧ ಒಳಗೆ ಬಿತ್ತು, ಅರ್ಧ ಅವಳ ಕಾಲ ಮೇಲೆ. ಮನೆಗೆ ಬಂದು ಲೋಟಕ್ಕೆ ಬಗ್ಗಿಸಿ ಮಾವನ ಕೈಗೆ ಕೊಟ್ಟ ಮೇಲೆ ನೋಡಿದಳು, ನೀರು ಬೆಳ್ಳಗಿತ್ತು. ತಳದಲ್ಲಿ ಒಂದೆರಡು ಅಕ್ಕಿ ಕಾಳು. ಅದು ಉಳಿದ ನೀರಲ್ಲ. ಅಕ್ಕಿ ತೊಳೆದ ನೀರು. ಎಮ್ಮೆಗೆ ಇಡುವ ಕಲಗಚ್ಚು.

ಅವಳು ಲೋಟ ಕಸಿದುಕೊಳ್ಳುವ ಮೊದಲೇ ಸಿದ್ದಪ್ಪ ಕುಡಿದಿದ್ದ. ಬಾಯಿಗೆ ಸಿಕ್ಕ ಅಕ್ಕಿ ಕಾಳನ್ನು ಮೆಲ್ಲಗೆ ಅಗಿದ. ಮೈಯೆಲ್ಲ ತಿರುಗಿಸಿ ಸೊಸೆಯನ್ನು ನೋಡಿದ.

"ಸಿಹಿ ಕಣವ್ವ," ಎಂದ.

ಕೆಂಚಮ್ಮ ಕ್ಯಾನನ್ನು ಹಿಂದಿನ ಬಾಗಿಲಿಗೆ ಒಯ್ದು ಉಳಿದದ್ದನ್ನೆಲ್ಲ ಚೆಲ್ಲಿದಳು. ಗಗನಾ ಬೆನ್ನು ಸವರಲು ಬಂದಳು. ಅವಳ ಕೈ ತಳ್ಳಿದಳು.

ಟ್ಯಾಂಕು ತೊಳೆಯುವ ದಿನ ಬಂತು. ಸತೀಶ ಕಾಲೋನಿಯ ತಿರುವಿನಲ್ಲಿ ಬೈಕು ನಿಲ್ಲಿಸಿ ಹಾರನ್ ಹೊಡೆದ. ಒಳಗೆ ಬರುವವನಲ್ಲ ಅವನು.

"ಲೇ ಕೆಂಚಿ, ಟ್ಯಾಂಕು."

ಏನೂ ಆಗಿಲ್ಲ ಅನ್ನುವ ಹಾಗೆ ಕರೆದ. ಅವನ ಮಟ್ಟಿಗೆ ಏನೂ ಆಗಿರಲೂ ಇಲ್ಲ. ಕೆಂಚಮ್ಮ ಬ್ರಷ್ಷು ತೆಗೆದುಕೊಂಡು ಹೋದಳು. "ಕಾಲೇಜು ತಪ್ಪಿದ್ರೂ ಸೈ, ನೀನೂ ಬಾ," ಅಂತ ಮಗಳಿಗೆ ಹೇಳಿದಳು. ಯಾಕೆ ಅಂತ ಹೇಳಲಿಲ್ಲ. ಸೆರಗಿನ ತುದಿಯಿಂದ ಐದು ರೂಪಾಯಿ ಕಾಯಿನ್ ಬಿಚ್ಚಿ ಅವಳ ಕೈಗಿಟ್ಟಳು.

ಇಳಿದಳು. ಉಜ್ಜಿದಳು. ಲೋಳೆಯನ್ನೆಲ್ಲ ಬಳಿದು ಬಕೆಟ್ಟಿಗೆ ತುಂಬಿ ಮೇಲೆ ಕೊಟ್ಟಳು. ಕೆಲಸ ಎಂದೂ ಅರ್ಧ ಬಿಟ್ಟವಳಲ್ಲ, ಆವತ್ತೂ ಬಿಡಲಿಲ್ಲ. ಸ್ಟೀಲು ಅವಳ ಮುಖ ಕಾಣುವಷ್ಟು ಹೊಳೆಯಿತು. ಹೊರಗೆ ಊರಿನವರು ಖಾಲಿ ಕ್ಯಾನು ಇಟ್ಟು ಸಾಲು ಕಟ್ಟುತ್ತಿದ್ದರು. ತೊಳೆಯುವ ದಿನ ಎಲ್ಲರ ಮನೆಯಲ್ಲೂ ಕುಡಿಯುವ ನೀರು ಖಾಲಿ.

"ಆಯ್ತಾ? ಬಾ ಹೊರಗೆ. ನೀರು ಬಿಡ್ಬೇಕು," ಸತೀಶ ಟ್ಯಾಂಕಿನ ಬಾಯಲ್ಲಿ ಬಗ್ಗಿ ಹೇಳಿದ.

ಕೆಂಚಮ್ಮ ತಳದಲ್ಲಿ ಕೂತಳು. ಬೆನ್ನನ್ನು ಗೋಡೆಗೆ ಕೊಟ್ಟಳು. ಕಾಲು ಚಾಚಿದಳು.

"ಬರಲ್ಲ."

"ಏನಂದೆ?"

"ತೂತಿಂದು ತಗಡು ತೆಗಿ. ಕಾಯಿನ್ ಹಾಕಂಗ್ ಮಾಡು. ಬತ್ತೀನಿ."

ಟ್ಯಾಂಕು ಅವಳ ದನಿಯನ್ನು ದೊಡ್ಡದು ಮಾಡಿತು. ಸಾಲಿನ ಕೊನೆಯವರಿಗೂ ಕೇಳಿಸಿತು.

"ಲೇ, ತಲೆ ಕೆಟ್ಟಿದೆಯಾ? ಮೋಟಾರ್ ಹಾಕ್ತೀನಿ ನೋಡು. ಮುಳುಗಿ ಸಾಯ್ತೀಯ."

"ಹಾಕು. ಕೂತಿರ್ತೀನಿ. ಸತ್ರೆ ಹೆಣ ತೊಳೆದ ನೀರು ಕುಡೀರಿ. ಅಕ್ಕಿ ತೊಳೆದದ್ದು ನಮಗೆ ಕೊಟ್ಟಿದ್ದೀರಲ್ಲ."

ಹೊರಗೆ ಗದ್ದಲವಾಯಿತು. ಜಯಲಕ್ಷ್ಮಮ್ಮನ ದನಿ ಬಂತು. "ಥೂ, ಥೂ. ಅವಳು ಕೂತಿರೋ ಟ್ಯಾಂಕಿನ ನೀರು ನಾವು ಕುಡಿಯೋದಾ?"

"ಅಮ್ಮೋರೇ," ಕೆಂಚಮ್ಮ ಒಳಗಿಂದ ಹೇಳಿದಳು. ಕೂಗಲಿಲ್ಲ. ಕೂಗುವ ಅಗತ್ಯವಿರಲಿಲ್ಲ. "ಇಷ್ಟು ದಿನ ಯಾವ ನೀರು ಕುಡಿದ್ರಿ? ತಿಂಗಳ ತಿಂಗಳ ಇಳಿಯೋ ಕಾಲು ಇದೇ. ಹಿಮ್ಮಡಿ ಒಡೆದು ಕೀವು ಸೋರ್ತಿದ್ದಾಗ್ಲೂ ಇಳ್ದಿದೀನಿ. ಮುಟ್ಟಾಗಿದ್ದಾಗ್ಲೂ ಇಳ್ದಿದೀನಿ, ಸತೀಶಣ್ಣಾರು ಹಾರನ್ ಹೊಡೀತಾರಲ್ಲ, ಬಿಡ್ತಾರಾ? ನೀವು ಚೊಂಬು ತಂದು ತೊಳಿತಿದ್ದದ್ದು ನಲ್ಲಿ ಮೂತಿ. ನಾನು ಇದ್ದದ್ದು ಅದರ ಹೊಟ್ಟೆಯಾಗೆ."

ಹೊರಗಿದ್ದವರಿಗೆಲ್ಲ ಗೊತ್ತಿದ್ದ ಸಂಗತಿಯೇ. ಒಂದು ಸಲವೂ ಅದನ್ನು ಕಣ್ಣೆದುರು ತಂದುಕೊಂಡಿರಲಿಲ್ಲ. ಸಾಲಿನಲ್ಲಿ ಒಬ್ಬ ಕ್ಯಾಕರಿಸಿ ಉಗಿದ.

"ಎಳ್ಕೊಂಡು ಬನ್ರೋ ಅವ್ಳನ್ನ," ಎಂದ ಸತೀಶ.

ಒಬ್ಬನೂ ಅಲ್ಲಾಡಲಿಲ್ಲ. ಎಳೆಯಬೇಕಾದರೆ ಇಳಿಯಬೇಕು. ಇಳಿದರೆ ಅವಳ ಮೈಗೆ ಮೈ ತಾಗಿಸಿಕೊಂಡು ನಿಲ್ಲಬೇಕು. ಅಲ್ಲಿ ಇಬ್ಬರಿಗೆ ಜಾಗವಿಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಕೆಂಚಮ್ಮನಿಗೆ ಒಳಗೆ ಕೂತು ನಗು ಬಂತು. ಅವರ ಮಡಿಯೇ ಆವತ್ತು ಅವಳನ್ನು ಕಾಯುತ್ತಿತ್ತು.

ಸತೀಶ ಕಂಪನಿಗೆ ಫೋನು ಮಾಡಿದ. ಅಲ್ಲಿಂದ ಏನು ಹೇಳಿದರೋ, ಇವನು "ಹೂಂ ಸಾರ್, ಹೂಂ ಸಾರ್" ಅಂದ. ಬಿಸಿಲು ಏರಿತು. ಟ್ಯಾಂಕು ಕಾಯತೊಡಗಿತು. ಬ್ಲೀಚಿಂಗ್ ಘಾಟಿಗೆ ಕೆಂಚಮ್ಮನ ಕಣ್ಣು ಉರಿದು ನೀರು ಸುರಿಯಿತು. ಬೆನ್ನಿಗೆ ಸ್ಟೀಲು ಸುಡುತ್ತಿತ್ತು. ಮಂಡಿ ಎದೆಗೆ ತಂದುಕೊಂಡು ಕೂತಳು. ಮುದುಕ ನೆನಪಾದ. ಅವನ ತುಟಿ ನೆನಪಾಯಿತು.

"ಅವ್ವಾ, ಇದೀಯಾ?" ಗಗನಾ ಕರೆದಳು.

"ಇದೀನಿ ಕಣೇ. ಕಾಯಿನ್ ಐತಾ?"

"ಐತೆ."

ಕೊನೆಗೆ ತಾಳ್ಮೆಗೆಟ್ಟವನು ಹನುಮಂತಪ್ಪ. ಅವನ ಮನೆಯಲ್ಲಿ ಆವತ್ತು ನೆಂಟರಿದ್ದರು. "ಏನಲೇ ಸತೀಶ, ಒಂದು ತಗಡಿಗೆ ಊರಿಗೆಲ್ಲ ನೀರು ನಿಲ್ಲಿಸ್ತೀಯಾ? ಕಾಯಿನ್ ಇದ್ದಾಗ ನನಗೂ ಐದಕ್ಕೇ ಸಿಗ್ತಿತ್ತು. ಈಗ ನೀನು ಹತ್ತು ಕೀಳ್ತೀಯ. ಹೊಡಿ ಅದನ್ನ."

ಅವನಿಗೆ ಕೆಂಚಮ್ಮನ ಮೇಲೆ ಕರುಣೆ ಬಂದಿರಲಿಲ್ಲ. ಐದು ರೂಪಾಯಿ ನೆನಪಾಗಿತ್ತು ಅಷ್ಟೆ. ಉಳಿದವರಿಗೂ ನೆನಪಾಯಿತು. ಮರೆತು ಬಂದ ಫೋನುಗಳೆಲ್ಲ ಜೇಬಿನಿಂದ ಹೊರಬಂದವು. "ಕಂಪನಿಗೆ ನಾವೇ ಹೇಳ್ತೀವಿ," "ಜೇಬಿಗಿಳಿಸಿದ್ದೆಷ್ಟೋ, ಅದನ್ನೂ ಹೇಳ್ತೀವಿ," ಅನ್ನುವ ಮಾತು ಕೇಳಿಸಿತು.

ಉಳಿ ಸುತ್ತಿಗೆಯ ಸದ್ದಾಯಿತು. ಆಮೇಲೆ ಸತೀಶನ ದನಿ. "ತೆಗ್ದಿದೀನಿ. ಬಾ."

"ಗಗನಾ, ಹಾಕು."

ಕಂಪನಿಯವರು ತೂತು ಮುಚ್ಚಿದ್ದರೇ ಹೊರತು ಒಳಗಿನ ಡಬ್ಬಿ ಬಿಚ್ಚುವ ಖರ್ಚು ಮಾಡಿರಲಿಲ್ಲ. ಟಣ್ ಅಂದದ್ದು ಕೆಂಚಮ್ಮನಿಗೆ ಕೇಳಿಸಿತು. ಅವಳ ಪಾದದ ಹತ್ತಿರವಿದ್ದ ಕೊಳವೆ ಗಳಕ್ ಅಂದು ಗಾಳಿ ಎಳೆದುಕೊಂಡಿತು. ಖಾಲಿ ಟ್ಯಾಂಕಿನಿಂದ ನಲ್ಲಿಗೆ ಗಾಳಿ ಹೋಯಿತು.

ಕೆಂಚಮ್ಮ ಹೊರಗೆ ಬಂದಳು. ಮೊದಲು ತಲೆ, ಆಮೇಲೆ ಸೊಂಟ, ಕೊನೆಗೆ ಕಾಲು. ಕಣ್ಣು ಕೆಂಡವಾಗಿತ್ತು. ಸಾಲು ಅವಳಿಗೆ ದಾರಿ ಬಿಟ್ಟು ಸರಿಯಿತು. ಗೌರವಕ್ಕಲ್ಲ.

"ತಿರ್ಗ ಇಳಿದು ತೊಳಿ," ಎಂದ ಸತೀಶ. "ಇಷ್ಟು ಹೊತ್ತು ಒಳಗೆ ಕೂತು ಬೆವರು ಸುರ್ಸಿದೀಯ. ಜನ ಹೆಂಗೆ ಕುಡೀತಾರೆ?"

ಕೆಂಚಮ್ಮ ಬ್ರಷ್ಷನ್ನು ಅವನ ಕಾಲ ಬಳಿ ಹಾಕಿದಳು.

"ನೀನಿಳಿ ಸತೀಶ."

ಅಣ್ಣಾರೆ ಇಲ್ಲದ ಅವನ ಹೆಸರು ಅವಳ ಬಾಯಿಂದ ಊರು ಮೊದಲ ಸಲ ಕೇಳಿತು.

"ಕಾಲೋನಿಯಿಂದ ಇನ್ನೊಬ್ರು ಬತ್ತಾರೆ ಬಿಡು, ನಿನಗೇನು ಕೊಬ್ಬು," ಎಂದ ಅವನು. ಕಾಲೋನಿಯ ಹೆಂಗಸರ ಕಡೆ ನೋಡಿದ. ಸುಮನಾ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಅವಳು ನಿಂತಲ್ಲಿಂದ ಕದಲದೆ ಅವನನ್ನೇ ನೋಡಿದಳು. ಉಳಿದವರೂ ಹಾಗೇ.

"ಆಪರೇಟರ್ ನೀನಲ್ವೇನೋ," ಸಾಲಿನಿಂದ ಹನುಮಂತಪ್ಪ ಹೇಳಿದ. "ಇಳಿಯೋ ಲೇ. ಮಧ್ಯಾಹ್ನ ಆಗ್ತಾ ಬಂತು."

ಸತೀಶ ಶೂ ಬಿಚ್ಚಿದ. ಸಾಕ್ಸು ಬಿಚ್ಚಿದ. ಬೆವರಿ ಬೆಳ್ಳಗೆ ಉಬ್ಬಿದ ಪಾದ. ಬೆರಳ ಸಂದಿಯಲ್ಲಿ ಕಪ್ಪು ಕೊಳೆ. ಉಗುರು ಹಳದಿ. ಆ ಕಾಲನ್ನು ಎಲ್ಲರೂ ನೋಡಿದರು. ಜಯಲಕ್ಷ್ಮಮ್ಮ ಮಾತ್ರ ನೋಡಲಿಲ್ಲ. ಅವನು ಟ್ಯಾಂಕಿನ ಬಾಯಲ್ಲಿ ಹೊಟ್ಟೆ ಸಿಕ್ಕಿಸಿಕೊಂಡು, ಒದ್ದಾಡಿ, ಬೈದುಕೊಳ್ಳುತ್ತ ಒಳಗೆ ಬಿದ್ದ. ಕೆಮ್ಮಿದ. ಬ್ರಷ್ಷು ಕೇಳಿದ. ಯಾರೋ ಎಸೆದರು.

ಅವನು ತೊಳೆದದ್ದೆಷ್ಟೋ, ಬಿಟ್ಟದ್ದೆಷ್ಟೋ. ಹೊರಗೆ ಬಂದು ಮೋಟಾರ್ ಹಾಕಿದ. ಟ್ಯಾಂಕು ತುಂಬಿತು.

ಮೊದಲ ಕ್ಯಾನು ಕೆಂಚಮ್ಮನದು. ಮೊದಲ ಕಾಯಿನ್ ಅವಳ ಮಗಳದಾಗಿತ್ತು. ಅವಳು ನಲ್ಲಿಯ ಹತ್ತಿರ ಬಂದು ನಿಂತಳು. ಕ್ಯಾನು ಇಡಲಿಲ್ಲ. ಸಾಲಿನಲ್ಲಿ ಅವಳ ಹಿಂದೆ ಜಯಲಕ್ಷ್ಮಮ್ಮ ತಮ್ಮ ಚೊಂಬು ಹಿಡಿದು ನಿಂತಿದ್ದರು, ತುಂಬಿದ ಚೊಂಬು. ಕೆಂಚಮ್ಮ ತಿರುಗಿ ಕೈ ಚಾಚಿ ಚೊಂಬಿನ ತಳ ಹಿಡಿದಳು. ಅವರ ಬೆರಳಿಗೆ ಬೆರಳು ತಾಗುವ ಮೊದಲೇ ಅವರು ಚೊಂಬು ಬಿಟ್ಟುಬಿಟ್ಟರು. ಅದು ಅವಳ ಕೈಯಲ್ಲಿ ಉಳಿಯಿತು.

ಆ ನೀರನ್ನು ಅವಳು ನಲ್ಲಿಯ ಮೇಲೆ ಸುರಿದಳು. ನಿಧಾನವಾಗಿ, ಎಲ್ಲ ಕಡೆಯಿಂದ, ಒಲೆ ಸಾರಿಸುವ ಹಾಗೆ. ಮೂತಿಯನ್ನು ಬೆರಳಿನಿಂದ ಉಜ್ಜಿದಳು. ಇನ್ನೊಂದು ಸಲ ಉಜ್ಜಿದಳು. ಖಾಲಿ ಚೊಂಬನ್ನು ನೆಲದ ಮೇಲಿಟ್ಟಳು.

ಆಮೇಲೆ ತನ್ನ ಕ್ಯಾನು ಇಟ್ಟಳು.